ಅಮ್ಮನ ಸ್ವೆಟರಿಗೆ ಅಂಟಿದ ಹೂವು

ಹೋದ ವರ್ಷ ಆಗಸ್ಟ್ ಕೊನೆಗೆ ಅಮ್ಮ ಸಾಗರದಿಂದ ಮ್ಯೂನಿಕ್‌ಗೆ ಬಂದಿದ್ದರು. ಒಂದು ಶನಿವಾರ ಆಲ್ಪ್ಸ್ ತೋರಿಸೋಣ ಅಂತ ಗಾರ್ಮಿಶ್ ರೈಲು ಹತ್ತಿಸಿದೆ. ಅವತ್ತು ಮೋಡ ಕವಿದು ಬೆಟ್ಟ ಕಾಣಲೇ ಇಲ್ಲ. ಸರಿ, ಕಾಡಿನ ದಾರಿಯಲ್ಲಿ ಸುಮ್ನೆ ನಡೆದು ಬರೋಣ ಅಂತ ಹೊರಟೆವು.

ಬೀಚ್ ಅನ್ನುವ ಕಾಡುಮರಗಳ ನೆರಳಲ್ಲಿ, ಒದ್ದೆ ಇಳಿಜಾರಿನಲ್ಲಿ, ಸೊಂಟದೆತ್ತರದ ಗಿಡಗಳು. ತೆಳು ಹಳದಿ ಹೂವು, ಒಳಗೆ ಕಂದು ಗೆರೆ. ನಾನಾಗಿದ್ದರೆ ದಾಟಿ ಹೋಗುತ್ತಿದ್ದೆ. ಅಮ್ಮ ನಿಂತರು. ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ, "ಚೌಕ ಇದೆ ನೋಡೋ, ಇದು ತುಂಬೆ, ತುಳಸಿ ಕಡೇದೇ" ಅಂದರು. ಬೆರಳು ಅಂಟಂಟಾಗಿತ್ತು.

ಮೊಬೈಲಲ್ಲಿ ಹುಡುಕಿದೆ. ಸಾಲ್ವಿಯಾ ಗ್ಲುಟಿನೋಸಾ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇಟ್ಟ ಹೆಸರು, ಗ್ಲುಟಿನೋಸಾ ಅಂದರೆ ಜಿಗುಟಾದದ್ದು ಅಂತ. ಇಲ್ಲಿ ಗಂಟಲು ನೋವಿಗೆ ಚಹಾ ಮಾಡಿ ಕುಡಿಯುವ ಸೇಜ್ ಎಲೆ, ಈಗ ನಮ್ಮೂರಲ್ಲೂ ಸಿಗುವ ಚಿಯಾ ಬೀಜ, ಎಲ್ಲ ಇದೇ ಸಾಲ್ವಿಯಾ ಬಳಗದವು. ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು, ತುಂಬೆ, ತುಳಸಿ, ದೊಡ್ಡಪತ್ರೆ ಎಲ್ಲವೂ ಇದರ ಕುಟುಂಬದವೇ!

ಅಷ್ಟರಲ್ಲಿ ಒಂದು ದಪ್ಪ ದುಂಬಿ ಬಂದು ಹೂವಿನೊಳಗೆ ತಲೆ ತೂರಿತು. ಮೇಲಿನ ಎಸಳಿನಿಂದ ಎರಡು ಸಣ್ಣ ಕಡ್ಡಿ ಬಗ್ಗಿ ಅದರ ಬೆನ್ನಿಗೆ ತಟ್ಟಿದವು. ದುಂಬಿ ಹಿಂದೆ ಸರಿದ ಕೂಡಲೇ ಮತ್ತೆ ಮೇಲೆ ಹೋದವು. ನನಗೆ ನಂಬಲಿಕ್ಕಾಗಲಿಲ್ಲ, ಒಂದು ಹುಲ್ಲುಕಡ್ಡಿ ಕಿತ್ತು ನಾನೇ ತೂರಿಸಿ ನೋಡಿದೆ, ಮತ್ತೆ ಬಗ್ಗಿತು, ಕಡ್ಡಿಗೆ ಹಳದಿ ಪುಡಿ ಮೆತ್ತಿತು. ಏತದ ಹಾಗೆ ಅದು: ಕೇಸರದ ಕೆಳತುದಿ ಹೂವಿನ ಗಂಟಲಿಗೆ ಅಡ್ಡ ಇರುತ್ತದೆ, ಜೇನಿಗಾಗಿ ಅದನ್ನು ತಳ್ಳಿದರೆ ಪರಾಗ ಇರುವ ಮೇಲ್ತುದಿ ಕೆಳಗೆ ಬರುತ್ತದೆ. ಸ್ವಲ್ಪ ಹಳೆಯ ಹೂವಿನಲ್ಲಿ ಪರಾಗ ಮುಗಿದು, ಅದನ್ನು ಪಡೆಯುವ ಹೆಣ್ಣು ಭಾಗದ ಕಡ್ಡಿ, ಅಂದರೆ ಶಲಾಕೆ, ಉದ್ದವಾಗಿ ಕೆಳಗೆ ಬಾಗಿರುತ್ತದೆ, ದುಂಬಿಯ ಬೆನ್ನಿನ ಅದೇ ಜಾಗಕ್ಕೆ ತಾಗುವ ಹಾಗೆ. ಇಂಥ ಅಳತೆ ಯಾವ ಬಡಗಿಗೆ ಬರುತ್ತದೆ ಹೇಳಿ.

ಅಮ್ಮ ಅಲ್ಲೇ ಬಂಡೆ ಮೇಲೆ ಕೂತು ಅರ್ಧ ಗಂಟೆ ನೋಡಿದರು. ಏಳುವಾಗ ಸ್ವೆಟರ್ ತೋಳಿನ ತುಂಬ ಒಣಗಿದ ಹೂಬಟ್ಟಲು, ಥೇಟ್ ಉತ್ತರಾಣಿ ಅಂಟಿದ ಹಾಗೆ. ಒಂದನ್ನು ಉಗುರಲ್ಲಿ ಸೀಳಿದರು. ಒಳಗೆ ನಾಲ್ಕು ಕಂದು ಬೀಜ. "ತುಂಬೇಲೂ ನಾಲ್ಕೇ ಇರೋದು" ಅಂದರು.

"ಊರಿಗೆ ಒಯ್ತೀಯಾ ಅಮ್ಮ?" ಅಂತ ಕೇಳಿದೆ.

"ಬ್ಯಾಡ ಮಾರಾಯಾ, ಇದು ಈ ಕಾಡಿಂದು" ಅಂತ ತೋಳಿನಿಂದ ಒಂದೊಂದೇ ಬಿಡಿಸಿ, ದಾರಿ ಬದಿಯ ಒದ್ದೆ ತರಗೆಲೆ ಮೇಲೆ ಹಾಕುತ್ತಾ ಬಂದರು.