ಟ್ರೈನಿಂಗಲ್ಲಿ ಬಾರದ ಹೆಸರು

ಆಫೀಸಲ್ಲಿ ಇವತ್ತು ಲೀಡರ್‌ಶಿಪ್ ಟ್ರೈನಿಂಗ್. ಸ್ಲೈಡ್ ತುಂಬ ಅಮೆರಿಕದ ಸಿಇಒಗಳು. ನನ್ನ ತಲೆ ಮಾತ್ರ ನಮ್ಮ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕಡೆ ಹೋಯ್ತು.

1894ರ ಕೊನೆಗೆ ಗಂಡ ಚಾಮರಾಜೇಂದ್ರ ಒಡೆಯರ್ ಕಲ್ಕತ್ತದಲ್ಲಿ ತೀರಿಕೊಂಡ್ರು. ಮಗನಿಗೆ ಆಗ ಹತ್ತೇ ವರ್ಷ, ರಾಜ್ಯದ ಹೊಣೆ ಇವರ ಹೆಗಲಿಗೆ ಬಿತ್ತು. 1897ರಲ್ಲಿ ಮಗಳ ಮದುವೆ ಹೊತ್ತಲ್ಲೇ ಮರದ ಅರಮನೆ ಸುಟ್ಟುಹೋಯ್ತು. ಮರುವರ್ಷ ರಾಜ್ಯಕ್ಕೆ ಪ್ಲೇಗು. ಇಷ್ಟರ ನಡುವೆಯೂ ಹೊಸ ಅರಮನೆ ಕೆಲಸ ಶುರುವಾಯ್ತು, 1902ಕ್ಕೆ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟೂ ಹೋಯ್ತು. (ದಿವಾನ್ ಶೇಷಾದ್ರಿ ಅಯ್ಯರ್ ಪಾಲೂ ದೊಡ್ಡದು, ಮರೆಯೋ ಹಾಗಿಲ್ಲ.)

ಅದೇ ವರ್ಷ ಮಗನಿಗೆ ಅಧಿಕಾರ ಒಪ್ಪಿಸಿ ಪಕ್ಕಕ್ಕೆ ಸರಿದರು. ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಇದೇ. ನಮ್ಮಲ್ಲಿ ಟೀಮ್ ಲೀಡ್ ಕುರ್ಚಿ ಬಿಡೋಕೂ... ಬೇಡ ಬಿಡಿ, ಬಾಸೂ ಈ ಸ್ಟೇಟಸ್ ನೋಡ್ತಾರೆ.