ಹಾಲು ಬಂದ ದಿನ

ಮೂರನೇ ದಿನ ಬೆಳಿಗ್ಗೆ ಎದ್ದಾಗ ನೈಟಿ ಒದ್ದೆಯಾಗಿತ್ತು. ಏನಾಯಿತೆಂದು ತಕ್ಷಣ ತಿಳಿಯಲಿಲ್ಲ. ಎದೆ ಕಲ್ಲಿನ ಹಾಗೆ ಗಟ್ಟಿಯಾಗಿ ಉರಿಯುತ್ತಿತ್ತು. ಹಾಲು ಬಂದಿತ್ತು.

ಕುಡಿಯುವವಳು ಇರಲಿಲ್ಲ. ನನಗೆ 34 ವಾರ ತುಂಬಿತ್ತು. ಮಗು ಅಲ್ಲಾಡುತ್ತಿಲ್ಲ ಅಂತ ಸ್ಕ್ಯಾನಿಂಗ್‌ಗೆ ಹೋದೆವು. ಡಾಕ್ಟರ್ ಪರದೆ ನೋಡುತ್ತಾ ಸುಮ್ಮನಾದರು. ಆಮೇಲೆ ನೋವು ಬರಿಸಿದರು. ಎಲ್ಲರ ಹಾಗೆ ನಾನೂ ಹೆತ್ತೆ. ಹೆಣ್ಣು ಮಗು. ನರ್ಸ್ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಾಗ ಇನ್ನೂ ಬೆಚ್ಚಗಿದ್ದಳು. "ಜಾಸ್ತಿ ನೋಡಬೇಡ, ಮರೆಯೋದು ಕಷ್ಟ ಆಗ್ತದೆ" ಎಂದರು ಯಾರೋ. ಐದು ನಿಮಿಷವೂ ಇಟ್ಟುಕೊಳ್ಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಳ್ಳಬೇಕಿತ್ತು ಅಂತ ಇವತ್ತಿಗೂ ಸಂಕಟವಾಗುತ್ತದೆ.

ಹಾಲು ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ. ಮಾಸು ಬಿದ್ದ ಮೇಲೆ ಮೈ ತನ್ನ ಪಾಡಿಗೆ ಹಾಲು ಕಟ್ಟಲು ಶುರು ಮಾಡುತ್ತದೆ. ಮಗು ಇಲ್ಲ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ನಿಲ್ಲಿಸಲು ಮಾತ್ರೆ ಇದೆ, ಹೆರಿಗೆಯಾದ ಕೂಡಲೇ ಕೊಡಬಹುದು ಅಂತ ನನಗೆ ಗೊತ್ತಾಗಿದ್ದು ಆ ದಿನ ಫೋನ್ ಮಾಡಿ ಕೇಳಿದಾಗ. ಇಂಥ ಬಾಣಂತಿ ನಿಮ್ಮ ಮನೆಯಲ್ಲಿದ್ದರೆ ಡಿಸ್ಚಾರ್ಜ್ ಮಾಡಿಸುವ ಮೊದಲೇ ಡಾಕ್ಟರ ಹತ್ತಿರ ಕೇಳಿ, ದಯವಿಟ್ಟು.

ಮಧ್ಯಾಹ್ನ ಶಂಕರಪುರದಿಂದ ದೊಡ್ಡಮ್ಮ ಬಂದರು. ಅವರ ಮನೆಯಲ್ಲಿ ಮಲ್ಲಿಗೆ ಕೃಷಿ. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಒಂದು ಚೆಂಡು ಮಲ್ಲಿಗೆ. ಒಂದು ಚೆಂಡಿಗೆ 800 ಹೂ, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ್ದು. ಪರಿಮಳ ಬಂದದ್ದೇ ನಾನು ಗೋಡೆ ಕಡೆ ತಿರುಗಿದೆ. ಸೀಮಂತಕ್ಕೆ ಮುಡಿಸಿದ್ದು ಇದೇ ಹೂ, ಅವರೇ ಕಟ್ಟಿ ತಂದದ್ದು.

"ಮುಡಿಯಲಿಕ್ಕಲ್ಲ ಮಗಾ" ಎಂದರು. ಮಾಲೆಯನ್ನು ಎದೆಯ ಮೇಲೆ ಸುತ್ತಾಗಿ ಇಟ್ಟು, ಹಳೆಯ ಹತ್ತಿ ಸೀರೆಯಲ್ಲಿ ಕಟ್ಟಿದರು. ಹಾಲು ಬತ್ತಿಸಲು ಹಿಂದಿನವರು ಹೀಗೇ ಮಾಡುತ್ತಿದ್ದರಂತೆ. ವೆಲ್ಲೂರಿನ ವೈದ್ಯರು ಇದನ್ನು ಮಾತ್ರೆಯ ಜೊತೆ ಹೋಲಿಸಿ ನೋಡಿ 1988ರಲ್ಲೇ ಬರೆದಿದ್ದಾರೆ ಅಂತ ನಾನು ಓದಿದ್ದು ಬಹಳ ಆಮೇಲೆ. ಐದು ದಿನ ದೊಡ್ಡಮ್ಮ ದಿನಾ ಹೊಸ ಹೂ ಕಟ್ಟಿದರು. ಮಾತ್ರೆಯಿಂದಲೋ ಹೂವಿನಿಂದಲೋ, ಹಾಲು ಇಳಿಯಿತು.

ಆದರೆ ನನಗೆ ಆವತ್ತು ಉಸಿರು ಬಂದ ಹಾಗಾಗಿದ್ದು ಅವರ ಒಂದು ಮಾತಿನಿಂದ. ಸೀರೆಯ ಗಂಟು ಬಿಗಿಯುತ್ತಾ ಸಹಜವಾಗಿ ಕೇಳಿದರು, "ಮಗು ಯಾರ ಹಾಗೆ ಇತ್ತು? ತಲೆಯಲ್ಲಿ ಕೂದಲು ಇತ್ತಾ?"

ಅಲ್ಲಿಯವರೆಗೆ ಬಂದವರೆಲ್ಲ "ಇನ್ನೊಂದಾಗ್ತದೆ ಬಿಡು" ಎಂದಿದ್ದರು. ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದರೆ ಇವಳ ಬಗ್ಗೆ ಯಾರೂ ಕೇಳಿರಲಿಲ್ಲ. ನಾನು ಹೇಳಿದೆ. ಕೂದಲು ತುಂಬಾ ಇತ್ತು, ಮೂಗು ಅವಳಪ್ಪನದು, ಉಗುರು ಉದ್ದ ಬೆಳೆದಿತ್ತು. ಹೇಳುತ್ತಾ ಹೇಳುತ್ತಾ ಜೋರಾಗಿ ಅತ್ತೆ. ದೊಡ್ಡಮ್ಮ ಅಳಬೇಡ ಅನ್ನಲಿಲ್ಲ.

ಅದೇ ಥರ ಇನ್ನೊಮ್ಮೆ ಅತ್ತಿದ್ದು ಕಾಯ್ದೆಯ ಒಂದು ಸಾಲು ಓದಿ. ಆಫೀಸಿನವರು ಗರ್ಭಪಾತದ 6 ವಾರ ರಜೆ ಮಾತ್ರ ಎಂದಿದ್ದರು. 1961ರ ಹೆರಿಗೆ ಸೌಲಭ್ಯ ಕಾಯ್ದೆ ತೆಗೆದು ನೋಡಿದೆ. ಮಗು ಎಂದರೆ ಸತ್ತು ಹುಟ್ಟಿದ ಮಗುವೂ ಸೇರಿದೆ ಎಂದು ಅದರಲ್ಲಿ ಬರೆದಿತ್ತು. ಅದನ್ನು ತೋರಿಸಿದ ಮೇಲೆ 26 ವಾರ ರಜೆ ಸಿಕ್ಕಿತು. ನನಗೆ ರಜೆಗಿಂತ ಆ ಸಾಲು ದೊಡ್ಡದಾಗಿತ್ತು.

ಆ ಬಾಡಿದ ಹೂಗಳು ಏನಾದವು ಅಂತ ಕೇಳಲು ನನಗೆ ತಿಂಗಳುಗಳೇ ಬೇಕಾದವು. ಮಗುವನ್ನು ತೋಟದ ಅಂಚಿನಲ್ಲಿ ಮಣ್ಣು ಮಾಡಿದ್ದರು. ಬಾಣಂತಿ ಅಂತ ನನ್ನನ್ನು ಕರೆದುಕೊಂಡು ಹೋಗಿರಲಿಲ್ಲ. ದೊಡ್ಡಮ್ಮ ಒಲೆಯ ಮುಂದೆ ಕೂತು, ತಿರುಗಿ ನೋಡದೆ ಹೇಳಿದರು. "ಅವಳ ಹತ್ತಿರವೇ ಇಟ್ಟು ಬರ್ತಿದ್ದೆ, ದಿನಾ. ನಿನ್ನ ಹಾಲು ತಾಗಿದ ಹೂ ಅಲ್ವಾ."