ಕೇಳಲು ಮಕ್ಕಳೇ ಇಲ್ಲದ ಗೋಷ್ಠಿಯಲ್ಲಿ ಮಕ್ಕಳ ಸಾಹಿತಿಗೆ ಏನು ಕೆಲಸ?

“ಸಮ್ಮೇಳನದಾಗ ಮಕ್ಕಳ ಸಾಹಿತ್ಯದ ಗೋಷ್ಠಿ ಇಡ್ತಾರ, ಕೇಳಾಕ ಒಂದ್ ಕೂಸೂ ಇರಂಗಿಲ್ಲ. ಅಲ್ಲಿ ಹೋಗಿ ನೀವು ಹೇಳೂದರ ಏನ್ರಿ ಸರ?”

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಎಲ್ಲಿ ಹೋದರೂ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ನನ್ನ ಉತ್ತರ ಇಷ್ಟು: ಅಲ್ಲಿ ಪ್ರಬಂಧ ಮಂಡಿಸುವುದು ಬೇಡ, ಕಥೆ ಓದಬೇಕು, ಪದ್ಯ ಹಾಡಬೇಕು.

ಪೆಂಡಾಲಿನಲ್ಲಿ ಕೂತವರು ಯಾರೆಂದು ಒಮ್ಮೆ ನೋಡಿ. ಓಓಡಿ ಮೇಲೆ, ಅಂದರೆ ಕರ್ತವ್ಯದ ಲೆಕ್ಕದಲ್ಲೇ, ಬಂದ ಪ್ರಾಥಮಿಕ ಶಾಲೆಯ ಮಾಸ್ತರರು, ಅಕ್ಕೋರು, ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು, ಮೊಮ್ಮಕ್ಕಳಿರುವ ನಿವೃತ್ತರು. ಎಂಟು ವರ್ಷದ ಹುಡುಗಿ ತಾನೇ ಅಂಗಡಿಗೆ ಹೋಗಿ ಪುಸ್ತಕ ಕೊಳ್ಳುವುದಿಲ್ಲ. ಇವರು ಕೊಟ್ಟರಷ್ಟೇ ಅವಳಿಗೆ ಸಿಗುತ್ತದೆ. 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಪುಕ್ಕಟೆ ಸಿಕ್ಕಿತು. ಅದು ದೊಡ್ಡ ಕೆಲಸ. ಆದರೆ ಸಂಜೆ ಬಾಗಿಲಲ್ಲಿ ಬಂದು ನಿಂತ ಮಗುವಿಗೆ ಕಪಾಟಿನಿಂದ ಯಾವ ಪುಸ್ತಕ ತೆಗೆದುಕೊಡಬೇಕು? ಆ ಮೇಲ್ವಿಚಾರಕರ ಕಿವಿಗೆ ಒಂದು ಒಳ್ಳೆಯ ಕಥೆ ಬಿದ್ದಿದ್ದರೆ ಕೈ ತಾನಾಗಿ ಅದೇ ಪುಸ್ತಕಕ್ಕೆ ಹೋಗುತ್ತದೆ.

ನಮ್ಮ ಗೋಷ್ಠಿ ಇರುವುದು ಸಾಮಾನ್ಯವಾಗಿ ಊಟದ ನಂತರ. ಬೆಳಗಿನ ಕಾರ್ಯಕ್ರಮ ತಡವಾದಷ್ಟೂ ನಮ್ಮ ಹೊತ್ತು ಕಡಿಮೆ. ಇದ್ದ ಹತ್ತು ನಿಮಿಷದಲ್ಲಿ ಮಕ್ಕಳ ಸಾಹಿತ್ಯ ನಡೆದುಬಂದ ದಾರಿಯನ್ನೆಲ್ಲ ಹೇಳಲು ಹೋದರೆ ಪಂಜೆಯವರಿಂದ ರಾಜರತ್ನಂ ಅವರ ತನಕ ಬರುವಷ್ಟರಲ್ಲಿ ನಿರೂಪಕರ ಚೀಟಿ ಬಂದಿರುತ್ತದೆ. ಪಂಜೆ ಮಂಗೇಶರಾಯರು 1934ರ ರಾಯಚೂರು ಸಮ್ಮೇಳನಕ್ಕೆ, ಜಿ.ಪಿ. ರಾಜರತ್ನಂ 1978ರ ದೆಹಲಿ ಸಮ್ಮೇಳನಕ್ಕೆ, ಎಚ್.ಎಸ್. ವೆಂಕಟೇಶಮೂರ್ತಿ 2020ರ ಕಲಬುರಗಿ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ನಾಡು ಅವರನ್ನು ಮರೆತಿಲ್ಲ. ಅವರ ಪದ್ಯ ಇವತ್ತಿನ ಮಕ್ಕಳ ಬಾಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದೇ ನನಗಿರುವ ಚಿಂತೆ.

ವಿಜಯಪುರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಶಿಶು ಸಂಗಮೇಶ, ಕಂಚ್ಯಾಣಿ ಶರಣಪ್ಪ, ಶಂ.ಗು. ಬಿರಾದಾರ, ಎಲ್ಲ ಈ ನೆಲದ ಮಕ್ಕಳ ಸಾಹಿತಿಗಳು. ಕಂಚ್ಯಾಣಿಯವರಿಗೆ 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವೂ ಬಂತು. ಬಿರಾದಾರರ ಹೆಸರು ಹೇಳಿ ನೋಡಿ, ಎಷ್ಟೋ ಮಂದಿ ಯಾರೆಂದು ಕೇಳುತ್ತಾರೆ. ಅವರದೇ ‘ನಾವು ಎಳೆಯರು ನಾವು ಗೆಳೆಯರು’ ಎಂದು ದನಿ ಎತ್ತಿ ನೋಡಿ, ಮುಂದಿನ ಸಾಲನ್ನು ಪೆಂಡಾಲೇ ಹಾಡುತ್ತದೆ. ಊಟ ಮಾಡಿ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂಡುತ್ತಾರೆ.

ನಾನು ಹೆಚ್ಚಾಗಿ ಓದುವುದು ಹಿಂಗಾರಿ ಜೋಳದ ಹೊಲದ ಒಂದು ಕಥೆ. ತೆನೆ ಹಾಲುಗಾಳು ಕಟ್ಟಿದೆ, ಹುಡುಗಿಯೊಬ್ಬಳು ಹಕ್ಕಿ ಕಾಯಲು ಮಂಚಿಕೆ ಹತ್ತಿ ನಿಂತಿದ್ದಾಳೆ. ಅಚ್ಚಿಗೆ ಕೊಡುವ ಮೊದಲು ಇದನ್ನು ನಾಲ್ಕನೇ ತರಗತಿಯ ಮಕ್ಕಳಿಗೆ ಓದಿದ್ದೆ. ಹಕ್ಕಿ ಬಂದು ತೆನೆಯ ಮೇಲೆ ಕೂತಿತು ಎನ್ನುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗ ಎದ್ದ. “ಆಕಿ ಕವಣಿ ಬೀಸಲಿಲ್ಲೇನ್ರಿ ಸರ?” ಕಿಡಕಿ ಹತ್ತಿರದ ಹುಡುಗಿ ಬಿಡಲಿಲ್ಲ. “ಬೀಸಿದ್ರ ಅದಕ್ಕ ಬಡೀತಿತ್ತಲೇ.” “ಬಡಿಯಂಗಿಲ್ಲ. ನಮ್ಮಪ್ಪ ಬರೇ ಅಂಜಸಾಕ ಬೀಸ್ತಾನ.” ಅಲ್ಲಿಂದ ವಾದ ಶುರು: ಹಕ್ಕಿಗೆ ಎಷ್ಟು ಕಾಳು ಬಿಡಬೇಕು, ಯಾರ ಹೊಲದಲ್ಲಿ ಬಿಡಬೇಕು. ಆ ಜಗಳವೇ ಕಥೆಯ ಉಳಿದರ್ಧವಾಯಿತು. ಗೋಷ್ಠಿಯಲ್ಲಿ ಕಥೆ ಓದಿ ಈ ಸಂಗತಿಯನ್ನೂ ಹೇಳುತ್ತೇನೆ. ಕೂತವರಲ್ಲಿ ಬಹಳ ಮಂದಿ ಸಣ್ಣವರಿದ್ದಾಗ ಮಂಚಿಕೆ ಹತ್ತಿದವರೇ. ನಾವು ಡಬ್ಬಿ ಬಡೀತಿದ್ವಿ, ನಾವು ಕೂಗು ಹಾಕ್ತಿದ್ವಿ ಎಂದು ಕೂತಲ್ಲಿಂದಲೇ ಹೇಳುತ್ತಾರೆ. ಆಗ ನಾನು ಕೇಳಿಕೊಳ್ಳುವುದು ಒಂದೇ: ನಾಳೆ ನಿಮ್ಮ ತರಗತಿಯಲ್ಲಿ ಕಥೆ ಓದುವಾಗ ಹುಡುಗರು ನಡುವೆ ಬಾಯಿ ಹಾಕಿದರೆ ಗದರಬೇಡಿ, ಪುಸ್ತಕ ಮಡಚಿಟ್ಟು ಕೇಳಿಸಿಕೊಳ್ಳಿ.

ಹಂಗಾದರೆ ಮಕ್ಕಳನ್ನೇ ಕರೆತರಬಹುದಲ್ಲ ಎನ್ನುವವರಿದ್ದಾರೆ. ಹಾರ, ಶಾಲು, ಸ್ವಾಗತ ಭಾಷಣ ಎಲ್ಲ ಮುಗಿಯುವ ತನಕ ಯೂನಿಫಾರ್ಮಿನ ಮಕ್ಕಳನ್ನು ಬಿಸಿಲಲ್ಲಿ ಕೂಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಪಕ್ಕದ ಶಾಲೆಯ ಒಂದು ಕೋಣೆ ಕೊಡಿ, ಜಮಖಾನ ಹಾಸಿ, ಮೂವತ್ತು ಮಕ್ಕಳು, ಒಬ್ಬ ಲೇಖಕಿ, ಒಂದು ತಾಸು. ಮೈಕೂ ಬೇಡ.

ಓದಿದ ಮೇಲೆ ಲೇಖಕರು ಕಾರು ಹತ್ತಬಾರದು, ಪುಸ್ತಕ ಮಳಿಗೆಗೆ ಬರಬೇಕು. ವೇದಿಕೆಯ ಮೇಲೆ ಯಾರೂ ಕೇಳದ ಪ್ರಶ್ನೆಗಳು ಅಲ್ಲಿ ಬರುತ್ತವೆ. ಮುದ್ದೇಬಿಹಾಳ ಕಡೆಯ ಅಕ್ಕೋರೊಬ್ಬರು ಹಾಗೇ ಬಂದರು. “ನನ್ನ ಕ್ಲಾಸಿನ್ಯಾಗ ಇಬ್ಬರಿಗೆ ಇನ್ನೂ ಓದಾಕ ಬರಂಗಿಲ್ರಿ ಸರ, ಅವರಿಗೆ ಯಾವ ಪುಸ್ತಕ ಕೊಡ್ಲಿ?” ಪದ್ಯದ ಪುಸ್ತಕ ಕೊಡ್ರಿ ಅಕ್ಕೋರ, ಅಂದೆ. ಮೊದಲು ಎಲ್ಲರ ಜೊತೆ ಹಾಡಿ ಬಾಯಿಪಾಠ ಆಗಲಿ. ಆಮೇಲೆ ಅದೇ ಪುಟ ತೆಗೆದು, ಹಾಡುತ್ತಲೇ ಒಂದೊಂದು ಶಬ್ದದ ಮೇಲೆ ಬೆರಳಿಡಲಿ. ಹಾಡು ಗೊತ್ತಿರುವುದರಿಂದ ಬೆರಳಿನ ಕೆಳಗಿನ ಶಬ್ದ ಯಾವುದೆಂದು ಅವರೇ ಹೇಳುತ್ತಾರೆ. ಅಕ್ಕೋರು ಎರಡು ಪದ್ಯದ ಪುಸ್ತಕ ತೆಗೆದುಕೊಂಡರು, ಎರಡೂ ಬೇರೆಯವರು ಬರೆದವು. ಆ ಇಬ್ಬರಿಗೂ ಹಾಡಾಕ ಬರತೈತ್ರಿ, ದನಿ ಚಲೋ ಅದ, ಅಂದರು.